ಮಂಡಾಲೆಯ ಹೆಡ್‌ಮಾಸ್ಟರರು

1947ರ ಜುಲೈ ತಿಂಗಳಲ್ಲಿ ಬರ್ಮಾದ ಹಂಗಾಮಿ ಸರ್ಕಾರದ ಮೇಜಿನ ಸುತ್ತ ಕೂತಿದ್ದವರನ್ನು ಒಮ್ಮೆ ನೋಡಿದರೆ ಆ ದೇಶದ ಮೈಬಣ್ಣಗಳೆಲ್ಲ ಕಣ್ಣಿಗೆ ಬೀಳುತ್ತವೆ. ನಾಯಕ ಆಂಗ್ ಸಾನ್ ಅವರಿಗೆ ಆಗಿನ್ನೂ 32 ವರ್ಷ. ಅವರ ಅಣ್ಣ ಬಾ ವಿನ್ ವ್ಯಾಪಾರ ಖಾತೆಯಲ್ಲಿದ್ದರು. ಕೈಗಾರಿಕೆ ನೋಡಿಕೊಳ್ಳುತ್ತಿದ್ದ ಮಾನ್ ಬಾ ಖೈಂಗ್ ಕರೆನ್ ಜನಾಂಗದವರು. ಗಡಿಭಾಗದ ಗುಡ್ಡಗಾಡುಗಳ ಹೊಣೆ ಹೊತ್ತಿದ್ದ ಸಾವ್ ಸಾನ್ ತುನ್ ಶಾನ್ ನಾಡಿನ ಒಂದು ಪುಟ್ಟ ಸಂಸ್ಥಾನದ ಅರಸು. ಮಾಹಿತಿ ಖಾತೆಯ ಬಾ ಚೋ ಪತ್ರಿಕಾ ಸಂಪಾದಕರು. ಶಿಕ್ಷಣ ಮತ್ತು ರಾಷ್ಟ್ರೀಯ ಯೋಜನೆಯ ಖಾತೆಗಳು 49 ವರ್ಷದ ಒಬ್ಬ ಶಾಲಾ ಮೇಷ್ಟರ ಕೈಯಲ್ಲಿದ್ದವು. ಅವರ ಹೆಸರು ಅಬ್ದುಲ್ ರಜಾಕ್. ಅವರ ತಂದೆ ಭಾರತದಿಂದ ಬಂದ ಮುಸಲ್ಮಾನ.

ಆಂಗ್ ಸಾನ್ ಅವರ ಬದುಕಿನ ಬಗ್ಗೆ ಪುಸ್ತಕಗಳ ರಾಶಿಯೇ ಇದೆ. ರಜಾಕ್ ಅವರ ಹೆಸರು ಹೆಚ್ಚಾಗಿ ಹುತಾತ್ಮರ ಪಟ್ಟಿಯ ನಡುವೆ ಒಂದು ಸಾಲಿನಲ್ಲಿ ಬಂದು ಹೋಗುತ್ತದೆ. ಇದು ಅವರಿಗೆ ಆಗಿರುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಬರ್ಮಾ ಯಾರ ದೇಶ ಎಂಬ ಪ್ರಶ್ನೆ ಒಂದು ಶತಮಾನದಿಂದ ಅಲ್ಲಿ ರಕ್ತ ಹರಿಸುತ್ತಿದೆ. ಆ ಪ್ರಶ್ನೆಗೆ ಅತ್ಯಂತ ಸರಳವಾದ, ಅತ್ಯಂತ ಧೈರ್ಯದ ಉತ್ತರವನ್ನು ತಮ್ಮ ಬಾಳಿನಿಂದಲೇ ಕೊಟ್ಟವರು ಈ ಹೆಡ್‌ಮಾಸ್ಟರರು.

ರಜಾಕ್ ಹುಟ್ಟಿದ್ದು 1898ರ ಜನವರಿ 20ರಂದು, ಮಧ್ಯ ಬರ್ಮಾದ ಮೈಕ್ತಿಲಾ ಪಟ್ಟಣದಲ್ಲಿ. ತಂದೆ ಶೇಖ್ ಅಬ್ದುಲ್ ರಹಮಾನ್ ಪೊಲೀಸ್ ಇನ್‌ಸ್ಪೆಕ್ಟರ್. ತಾಯಿ ನ್ಯೇನ್ ಲಾ ಬೌದ್ಧ ಧರ್ಮದ ಬರ್ಮಿ ಹೆಣ್ಣುಮಗಳು. ಬ್ರಿಟಿಷರು ಮಂಡಾಲೆಯ ಕೊನೆಯ ದೊರೆ ತೀಬೋನನ್ನು 1885ರಲ್ಲಿ ಪದಚ್ಯುತಗೊಳಿಸಿ ರತ್ನಾಗಿರಿಗೆ ಗಡೀಪಾರು ಮಾಡಿ ಆಗ 12 ವರ್ಷವಷ್ಟೇ ಕಳೆದಿತ್ತು. ಬರ್ಮಾವನ್ನು ಭಾರತದ ಒಂದು ಪ್ರಾಂತ್ಯವಾಗಿ ಆಳುತ್ತಿದ್ದ ಆ ಕಾಲದಲ್ಲಿ ಪೊಲೀಸ್ ಠಾಣೆ, ರೈಲ್ವೆ, ಅಂಚೆ ಕಚೇರಿ, ಬಂದರು, ಎಲ್ಲಿ ನೋಡಿದರೂ ಭಾರತೀಯರು. ಅವರಲ್ಲಿ ಹಲವರು ಸ್ಥಳೀಯ ಹೆಣ್ಣುಮಕ್ಕಳನ್ನು ಮದುವೆಯಾಗಿ ಅಲ್ಲೇ ನೆಲೆ ನಿಂತರು. ಮುಸಲ್ಮಾನ ತಂದೆ, ಬರ್ಮಿ ತಾಯಿ ಇದ್ದ ಮಕ್ಕಳನ್ನು ಸರ್ಕಾರದ ಜನಗಣತಿ ಝೆರ್ಬಾದಿ ಎಂಬ ಬೇರೆಯೇ ಕಲಮಿನಲ್ಲಿ ಎಣಿಸುತ್ತಿತ್ತು.

ರಜಾಕ್ ಅವರ ಒಡಹುಟ್ಟಿದವರು ತಾಯಿಯ ಬೌದ್ಧ ಧರ್ಮದಲ್ಲಿ ನಡೆದರು. ಇವರು ಮಾತ್ರ ತಂದೆಯ ಮೇಲಿನ ಗೌರವದಿಂದ ಮುಸ್ಲಿಂ ಹೆಸರನ್ನು ಉಳಿಸಿಕೊಂಡರು. ಹೆಸರು ಬದಲಾಯಿಸಿಕೊಂಡಿದ್ದರೆ ಮುಂದಿನ ದಾರಿ ಎಷ್ಟೋ ಸಲೀಸಾಗುತ್ತಿತ್ತು. ಬರ್ಮಿ ಹೆಸರೊಂದನ್ನು ಇಟ್ಟುಕೊಂಡು ಗುಂಪಿನಲ್ಲಿ ಕರಗುವುದು ಅಲ್ಲಿ ಕಷ್ಟದ ಕೆಲಸವೂ ಆಗಿರಲಿಲ್ಲ. ಅವರು ಹಾಗೆ ಮಾಡಲಿಲ್ಲ. ಆದರೆ ತಾಯಿಯ ಧರ್ಮವನ್ನು ದೂರ ಇಡಲೂ ಇಲ್ಲ. ಪಾಲಿ ಭಾಷೆಯನ್ನು, ಥೇರವಾದದ ಗ್ರಂಥಗಳನ್ನು ಆಳವಾಗಿ ಓದಿಕೊಂಡು ಆ ವಿಷಯದಲ್ಲಿ ತಜ್ಞರೆನಿಸಿದರು. ಓದಿದ್ದು ಮಂಡಾಲೆಯಲ್ಲಿ ಕ್ರೈಸ್ತ ಮಿಷನರಿಗಳು ನಡೆಸುತ್ತಿದ್ದ ವೆಸ್ಲಿ ಶಾಲೆಯಲ್ಲಿ. ಮುಂದೆ ರಂಗೂನಿನಲ್ಲಿ ಇಂಗ್ಲಿಷ್ ಬಿ.ಎ.

ಮಂಡಾಲೆ ಎಂದೊಡನೆ ಕನ್ನಡಿಗರಿಗೆ ನೆನಪಾಗುವವರು ತಿಲಕರು. 1908ರಿಂದ 1914ರವರೆಗೆ ಅಲ್ಲಿನ ಕೋಟೆಯೊಳಗಿನ ಸೆರೆಮನೆಯಲ್ಲಿ ಕೂತು ಅವರು ಬರೆದ 'ಗೀತಾರಹಸ್ಯ'ವನ್ನು ಆಲೂರು ವೆಂಕಟರಾಯರು ನಮ್ಮ ಭಾಷೆಗೆ ತಂದರು. ಆ ಆರು ವರ್ಷಗಳಲ್ಲಿ ರಜಾಕ್ ಹತ್ತರಿಂದ ಹದಿನಾರರ ಪ್ರಾಯದ ಹುಡುಗ. ಅದೇ ಕೋಟೆಯೊಳಗೆ ತೀಬೋನ ತೇಗದ ಅರಮನೆಯೂ ಇತ್ತು. ಹೊರಗೆ ಸಾವಿರಾರು ಭಿಕ್ಷುಗಳ ಮಠಗಳು. ಸೋತ ರಾಜಧಾನಿಯ ನೋವು ಇನ್ನೂ ಹಸಿಯಾಗಿದ್ದ ಊರು ಅದು.

ಅವರ ಬದುಕಿನ ದಿಕ್ಕನ್ನು ಗೊತ್ತುಮಾಡಿದ್ದು 1920ರ ಡಿಸೆಂಬರ್. ರಂಗೂನ್ ವಿಶ್ವವಿದ್ಯಾಲಯವನ್ನು ಸ್ಥಾಪಿಸಲು ಸರ್ಕಾರ ತಂದ ಕಾಯಿದೆಯಲ್ಲಿ ಕಠಿಣ ಷರತ್ತುಗಳಿದ್ದವು. ವಿದ್ಯಾರ್ಥಿಗಳು ಹಾಸ್ಟೆಲಿನಲ್ಲೇ ಇದ್ದು ಓದಬೇಕು. ಇಂಗ್ಲಿಷ್ ಸಾಲದವರು ಒಂದು ವರ್ಷ ಹೆಚ್ಚಾಗಿ ಕಳೆಯಬೇಕು. ಬಡವರ, ಹಳ್ಳಿಯವರ ಮಕ್ಕಳಿಗೆ ಅಲ್ಲಿ ಜಾಗವಿಲ್ಲ ಎಂಬುದು ಇದರ ಅರ್ಥ ಎಂದು ವಿದ್ಯಾರ್ಥಿಗಳು ಸಿಡಿದೆದ್ದರು. ಶ್ವೇಡಗೋನ್ ಪಗೋಡಾದ ನೈಋತ್ಯ ಮೂಲೆಯಲ್ಲಿ 11 ಮಂದಿ ವಿದ್ಯಾರ್ಥಿಗಳು ಸೇರಿ ಬಹಿಷ್ಕಾರಕ್ಕೆ ಪ್ರತಿಜ್ಞೆ ಮಾಡಿದರು. ಕೆಲವೇ ದಿನಗಳಲ್ಲಿ ಕಾಲೇಜುಗಳು ಖಾಲಿಯಾದವು. ದೇಶದ ಹೈಸ್ಕೂಲುಗಳಿಗೂ ಮುಷ್ಕರ ಹಬ್ಬಿತು. ಪಗೋಡಾದ ಬುಡದಲ್ಲಿದ್ದ ಮಠಗಳಲ್ಲಿ ಹುಡುಗರು ಬೀಡುಬಿಟ್ಟರು. ಬರ್ಮಾ ತನ್ನ ರಾಷ್ಟ್ರೀಯ ದಿನವನ್ನು ಆಚರಿಸುವುದು ಈ ಮುಷ್ಕರದ ನೆನಪಿಗೆ.

ಮುಷ್ಕರ ಕಾಯಿದೆಯನ್ನು ಉರುಳಿಸಲಿಲ್ಲ. ಅದು ಮಾಡಿದ್ದು ಅದಕ್ಕಿಂತ ದೊಡ್ಡ ಕೆಲಸ. ಸರ್ಕಾರಿ ಶಾಲೆ ಬಿಟ್ಟು ಬಂದ ಮಕ್ಕಳಿಗಾಗಿ ಊರೂರಲ್ಲಿ ರಾಷ್ಟ್ರೀಯ ಶಾಲೆಗಳು ಎದ್ದವು. ಬರ್ಮಿ ಭಾಷೆ, ಬರ್ಮಿ ಸಾಹಿತ್ಯ, ಬರ್ಮಾದ ಚರಿತ್ರೆ ಅಲ್ಲಿ ಪಾಠದ ನಡುಮನೆಗೆ ಬಂದವು. ಹಣ ಮಾತ್ರ ಎಲ್ಲೂ ಇರಲಿಲ್ಲ. ಊರವರ ಕಾಣಿಕೆ, ಮಠಗಳ ಆಸರೆ, ಅರೆಹೊಟ್ಟೆಯ ಸಂಬಳಕ್ಕೆ ದುಡಿಯುವ ಯುವಕರು, ಇಷ್ಟೇ ಬಂಡವಾಳ. ಕೆಲವೇ ವರ್ಷಗಳಲ್ಲಿ ಬಹಳಷ್ಟು ಶಾಲೆಗಳು ಮುಚ್ಚಿಹೋದವು. ಉಳಿದವುಗಳಲ್ಲಿ ಹಲವು ಸರ್ಕಾರದ ಅನುದಾನಕ್ಕೆ ಕೈಯೊಡ್ಡಬೇಕಾಯಿತು. ಆದರೆ ಆ ಬೆಂಚುಗಳ ಮೇಲೆ ಕೂತಿದ್ದವರು, ಅವುಗಳೆದುರು ನಿಂತು ಪಾಠ ಹೇಳಿದವರು ಯಾರು ಎಂದು ನೋಡಬೇಕು. ಎನಾನ್ಜೌಂಗ್ ಎಂಬ ಎಣ್ಣೆಬಾವಿಗಳ ಊರಿನ ರಾಷ್ಟ್ರೀಯ ಶಾಲೆಯಲ್ಲಿ ಆಂಗ್ ಸಾನ್ ಓದಿದರು. ಐರಾವತಿ ಮುಖಜಭೂಮಿಯ ಪಾಂತನೋ ಊರಿನ ರಾಷ್ಟ್ರೀಯ ಶಾಲೆಯಲ್ಲಿ ಇಬ್ಬರು ಗೆಳೆಯರು ಜೊತೆಯಾಗಿ ಕೆಲಸ ಮಾಡಿದರು. ಅವರಲ್ಲಿ ಊ ನು ಸ್ವತಂತ್ರ ಬರ್ಮಾದ ಮೊದಲ ಪ್ರಧಾನಿಯಾದರು, ಊ ಥಾಂಟ್ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾದರು.

ಮಂಡಾಲೆಯ ರಾಷ್ಟ್ರೀಯ ಹೈಸ್ಕೂಲಿಗೆ 1921ರಲ್ಲಿ ಹೆಡ್‌ಮಾಸ್ಟರಾಗಿ ಬಂದವರು ರಜಾಕ್. ವಯಸ್ಸು 23. ಹಿರಿಯರ ಹೆಸರಿಗೆ ಗೌರವದಿಂದ ಸೇರಿಸುವ 'ಊ' ಅವರ ಹೆಸರಿಗೂ ಸೇರಿತು; ಗುರುಗಳನ್ನು ಕರೆಯುವ 'ಸಯಾಜಿ'ಯೂ ಸೇರಿತು. ಸಯಾಜಿ ಊ ರಜಾಕ್ ಎಂದೇ ಮೇಲ್ ಬರ್ಮಾ ಅವರನ್ನು ಕರೆಯಿತು. ರಾಜಕೀಯದ ಯಾವ ಹುದ್ದೆಯೂ ಈ ಹೆಸರನ್ನು ಅವರಿಂದ ಬಿಡಿಸಲಿಲ್ಲ. ಮಂಡಾಲೆಗೆ ಕಾಲೇಜು ಬರಬೇಕೆಂದು ದುಡಿದವರಲ್ಲೂ ಅವರು ಮುಂದಿದ್ದರು. ಮುಂದೆ ಮಂಡಾಲೆ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಅದೇ ಕಾಲೇಜು.

ಅಬ್ದುಲ್ ರಜಾಕ್ ಎಂಬ ಹೆಸರಿನ ಮೇಷ್ಟರು ಬೌದ್ಧ ಮಠಗಳ ಊರಿನಲ್ಲಿ ಬೌದ್ಧ ಮನೆಗಳ ಮಕ್ಕಳಿಗೆ ಬರ್ಮಿ ರಾಷ್ಟ್ರಾಭಿಮಾನ ಕಲಿಸಿದರು. ಯಾರೂ ಅದನ್ನು ವಿಚಿತ್ರವೆಂದು ಕಾಣಲಿಲ್ಲ. ಆ ಚಳವಳಿಯ ಬೆಳಕಿನಲ್ಲಿ ಬರ್ಮಿಯಾಗುವುದೆಂದರೆ ಒಂದು ಭಾಷೆಯನ್ನು, ಒಂದು ಚರಿತ್ರೆಯನ್ನು ತನ್ನದೆಂದು ಕಲಿಯುವುದು, ಕಲಿಸುವುದು. ಹುಟ್ಟು ಅಲ್ಲಿ ಎರಡನೆಯದು. ರಜಾಕ್ ಕೊನೆಯವರೆಗೂ ನಂಬಿದ್ದು ಇದನ್ನೇ.

ಆದರೆ ಶಾಲೆಯ ಹೊರಗೆ ಬೇರೊಂದು ಬಿಸಿ ಏರುತ್ತಿತ್ತು. 1931ರ ಜನಗಣತಿಯಂತೆ ಬರ್ಮಾದಲ್ಲಿ ಭಾರತೀಯರು 10 ಲಕ್ಷ ದಾಟಿದ್ದರು. 4 ಲಕ್ಷ ಜನರಿದ್ದ ರಂಗೂನಿನಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಭಾರತೀಯರೇ. ತನ್ನ ರಾಜಧಾನಿಯಲ್ಲೇ ಬರ್ಮಿ ಮನುಷ್ಯ ಅಲ್ಪಸಂಖ್ಯಾತನಾಗಿದ್ದ. ಮಹಾ ಆರ್ಥಿಕ ಕುಸಿತದಲ್ಲಿ ಭತ್ತದ ಬೆಲೆ ಬಿದ್ದಾಗ ಸಾಲ ತೀರಿಸಲಾಗದ ರೈತರ ಗದ್ದೆಗಳು ತಮಿಳುನಾಡಿನ ಚೆಟ್ಟಿಯಾರ್ ಲೇವಾದೇವಿಗಾರರ ಪಾಲಾದವು. ಕೆಳ ಬರ್ಮಾದ ಮುಖ್ಯ ಭತ್ತದ ಜಿಲ್ಲೆಗಳಲ್ಲಿ 1930ರಲ್ಲಿ ಶೇ 6ರಷ್ಟು ಗದ್ದೆ ಅವರ ಕೈಯಲ್ಲಿದ್ದರೆ, 1937ರ ಹೊತ್ತಿಗೆ ಅದು ಶೇ 25ಕ್ಕೆ ಏರಿತ್ತು. 1930ರ ಮೇ ತಿಂಗಳಲ್ಲಿ ರಂಗೂನ್ ಬಂದರಿನ ತೆಲುಗು ಹಮಾಲರ ಮುಷ್ಕರದಿಂದ ಹುಟ್ಟಿದ ಜಗಳ ದೊಡ್ಡ ಹತ್ಯಾಕಾಂಡವಾಯಿತು.

1937ರಲ್ಲಿ ಬರ್ಮಾವನ್ನು ಭಾರತದಿಂದ ಬೇರ್ಪಡಿಸಿದರೂ ದ್ವೇಷ ಬೇರ್ಪಡಲಿಲ್ಲ. 1938ರ ಜುಲೈನಲ್ಲಿ ಬುದ್ಧನನ್ನು ನಿಂದಿಸಿದೆ ಎನ್ನಲಾದ ಒಂದು ಪುಸ್ತಕದ ನೆಪದಲ್ಲಿ ಶ್ವೇಡಗೋನ್‌ನಲ್ಲಿ ಸಭೆ ನಡೆದು, ಅಲ್ಲಿಂದ ಹೊರಟ ಗುಂಪು ಮುಸ್ಲಿಮರ ಮೇಲೆ ಬಿದ್ದಿತು. ಗಲಭೆ ರಂಗೂನಿನಿಂದ ಮಂಡಾಲೆಯವರೆಗೆ ಹಬ್ಬಿತು. ಬೌದ್ಧ ಹೆಣ್ಣುಮಕ್ಕಳು ಮುಸ್ಲಿಮರನ್ನು ಮದುವೆಯಾಗುವುದು ಆ ವರ್ಷದ ಪತ್ರಿಕೆಗಳಲ್ಲಿ ಕಾವೇರಿದ ವಿಷಯವಾಗಿತ್ತು. ಅಂಥ ಮದುವೆಯಲ್ಲೇ ಹುಟ್ಟಿದ ಒಬ್ಬ ಹೆಡ್‌ಮಾಸ್ಟರರು ಮಂಡಾಲೆಯಲ್ಲಿ ಆ ಗಲಭೆಯ ಹಿಂದೆಯೂ ಮುಂದೆಯೂ ಪಾಠ ಹೇಳುತ್ತಿದ್ದರು ಎಂಬುದನ್ನು ನೆನೆದರೆ ಅವರ ತಾಳ್ಮೆಯ ತೂಕ ತಿಳಿಯುತ್ತದೆ. ಮರುವರ್ಷದ ಫೆಬ್ರವರಿ 10ರಂದು ಮಂಡಾಲೆಯಲ್ಲಿ ಸರ್ಕಾರದ ವಿರುದ್ಧ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು. ಭಿಕ್ಷುಗಳೂ ಸೇರಿ 17 ಜನ ಸತ್ತರು. ಒಂದೇ ಊರು, ಒಂದೇ ಜನ. ಅವರ ಸಿಟ್ಟು ಒಮ್ಮೆ ನೆರೆಯವನ ಮೇಲೆ, ಒಮ್ಮೆ ಆಳುವವನ ಮೇಲೆ ತಿರುಗುತ್ತಿತ್ತು. ಆ ಸಿಟ್ಟನ್ನು ಎರಡನೆಯ ದಾರಿಗೆ ಹಚ್ಚುವುದು ರಜಾಕ್ ಅವರಂಥವರ ಪಾಲಿನ ಕೆಲಸವಾಗಿತ್ತು.

ಯುದ್ಧ ಬಂತು. 1942ರ ಏಪ್ರಿಲ್ 3ರಂದು ಜಪಾನಿ ವಿಮಾನಗಳು ಮಂಡಾಲೆಯ ಮೇಲೆ ಬಾಂಬು ಸುರಿದವು. ಮರದ ಮನೆಗಳ ಊರು ಹೊತ್ತಿ ಉರಿಯಿತು. ಲಕ್ಷಾಂತರ ಭಾರತೀಯರು ಕಾಡು ಬೆಟ್ಟ ಹತ್ತಿಳಿದು ಅಸ್ಸಾಮಿನ ಕಡೆಗೆ ನಡೆದರು. ದಾರಿಯಲ್ಲಿ ಸತ್ತವರನ್ನು ಎಣಿಸಿದವರಿಲ್ಲ. ರಜಾಕ್ ಬರ್ಮಾ ಬಿಡಲಿಲ್ಲ. ಅವರಿಗೆ ಮರಳಿ ಹೋಗಬೇಕಾದ ಬೇರೆ ದೇಶ ಇರಲಿಲ್ಲ. 1945ರ ಮಾರ್ಚಿನಲ್ಲಿ ಬ್ರಿಟಿಷ್ ಭಾರತೀಯ ಪಡೆಗಳು ಮಂಡಾಲೆಯ ಕೋಟೆಯನ್ನು ಮರಳಿ ಹಿಡಿಯುವ ಹೊತ್ತಿಗೆ ತೀಬೋನ ಅರಮನೆ ಬೂದಿಯಾಗಿತ್ತು.

ಯುದ್ಧ ಮುಗಿದ ಮೇಲಿನ ಎರಡು ವರ್ಷಗಳು ರಜಾಕ್ ಅವರ ರಾಜಕೀಯ ಜೀವನದ ಸಾರ. 1945ರ ಡಿಸೆಂಬರ್ ಕೊನೆಯಲ್ಲಿ ಪಿನ್ಮಾನಾದಲ್ಲಿ ಬರ್ಮಾ ಮುಸ್ಲಿಂ ಕಾಂಗ್ರೆಸ್ ಸ್ಥಾಪನೆಯಾಯಿತು. ಅಧ್ಯಕ್ಷರಾಗಿ ಆಯ್ಕೆಯಾದವರು ಸಯಾಜಿ. ಆಗ ಅವರ ಮುಂದೆ ಹಲವು ದಾರಿಗಳಿದ್ದವು. ಪಕ್ಕದ ಭಾರತದಲ್ಲಿ ಮುಸ್ಲಿಂ ಲೀಗ್ ಪ್ರತ್ಯೇಕ ರಾಷ್ಟ್ರ ಕೇಳುತ್ತಿತ್ತು. ಉತ್ತರ ಅರಾಕಾನಿನಲ್ಲಿ ಕೆಲವರು ತಮ್ಮ ಸೀಮೆ ಪಾಕಿಸ್ತಾನಕ್ಕೆ ಸೇರಲಿ ಎನ್ನತೊಡಗಿದ್ದರು. ರಜಾಕ್ ತಮ್ಮ ಸಂಘಟನೆಯನ್ನು ಆಂಗ್ ಸಾನ್ ನೇತೃತ್ವದ ಫ್ಯಾಸಿಸ್ಟ್ ವಿರೋಧಿ ಜನ ಸ್ವಾತಂತ್ರ್ಯ ಲೀಗಿನೊಳಗೆ ತಂದರು. ಬರ್ಮಿ ಮುಸ್ಲಿಮರು ಬರ್ಮಿಯರೇ. ದೇಶದ ಮನೆಯಲ್ಲಿ ಅವರಿಗೆ ಬೇರೆ ಕೋಣೆ ಬೇಡ ಎಂಬುದು ಅವರ ನಿಲುವಾಗಿತ್ತು. 1946ರಲ್ಲಿ ಮಂಡಾಲೆಯ ಲೀಗಿಗೆ ಅವರೇ ಅಧ್ಯಕ್ಷರಾದರು. ಭಿಕ್ಷುಗಳ ನಗರದಲ್ಲಿ ರಾಷ್ಟ್ರೀಯ ಚಳವಳಿಯ ಮುಂದಾಳು ಒಬ್ಬ ಮುಸ್ಲಿಂ ಹೆಸರಿನ ಮೇಷ್ಟರು.

ಈ ನಿಲುವನ್ನು ಇಂದು ಹಿಂದಿರುಗಿ ನೋಡಿ ಮುಗ್ಧತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. 25 ವರ್ಷ ಒಂದೇ ಊರಿನ ಮಕ್ಕಳನ್ನು ಓದಿಸಿದವರಿಗೆ ಆ ಊರು ಯಾವುದು, ಅದರ ಜನ ಎಂಥವರು ಎಂಬುದು ಚೆನ್ನಾಗಿ ಗೊತ್ತಿತ್ತು. 1947ರ ಏಪ್ರಿಲ್‌ನಲ್ಲಿ ಸಂವಿಧಾನ ಸಭೆಗೆ ಚುನಾವಣೆ ನಡೆದಾಗ ಮಂಡಾಲೆ ಅವರನ್ನು ಆರಿಸಿ ಕಳಿಸಿತು. ಅವರ ನಂಬಿಕೆಗೆ ಇದಕ್ಕಿಂತ ದೊಡ್ಡ ಪುರಾವೆ ಬೇಕೆ?

ಆ ವರ್ಷದ ಜನವರಿ 27ರಂದು ಲಂಡನ್ನಿನಲ್ಲಿ ಆಂಗ್ ಸಾನ್ ಮತ್ತು ಬ್ರಿಟಿಷ್ ಪ್ರಧಾನಿ ಆಟ್ಲಿ ಒಪ್ಪಂದಕ್ಕೆ ಸಹಿ ಹಾಕಿದ್ದರು. ಒಂದು ವರ್ಷದೊಳಗೆ ಸ್ವಾತಂತ್ರ್ಯ ಎಂಬ ಮಾತು ಸಿಕ್ಕಿತ್ತು. ಫೆಬ್ರವರಿ 12ರಂದು ಪಾಂಗ್ಲಾಂಗ್ ಎಂಬ ಶಾನ್ ಪಟ್ಟಣದಲ್ಲಿ ಶಾನ್, ಕಚಿನ್, ಚಿನ್ ನಾಯಕರು ಒಕ್ಕೂಟ ಸೇರಲು ಒಪ್ಪಿದ್ದರು. ಜೂನ್‌ನಲ್ಲಿ ರಂಗೂನಿನ ಸೊರೆಂಟೊ ವಿಲ್ಲಾದಲ್ಲಿ ಯುದ್ಧದಿಂದ ಜಜ್ಜಿಹೋದ ದೇಶವನ್ನು ಮತ್ತೆ ಕಟ್ಟುವ ಬಗ್ಗೆ ಸಮಾಲೋಚನೆ ನಡೆಯಿತು. ಕುಸಿದ ಶಾಲಾ ಕಟ್ಟಡಗಳು, ಚದುರಿಹೋದ ಶಿಕ್ಷಕರು, ವರ್ಷಗಟ್ಟಲೆ ಪಾಠ ಕಾಣದ ಮಕ್ಕಳು. ಶಿಕ್ಷಣ, ಯೋಜನೆ ಎರಡನ್ನೂ ರಜಾಕ್ ಅವರಿಗೆ ಕೊಟ್ಟದ್ದರಲ್ಲಿ ಒಂದು ವಿವೇಕವಿದೆ. ರಾಷ್ಟ್ರೀಯ ಶಾಲೆಯಲ್ಲಿ ಓದಿದ ಹುಡುಗ ದೇಶದ ನಾಯಕನಾಗಿ, ರಾಷ್ಟ್ರೀಯ ಶಾಲೆ ನಡೆಸಿದ ಹೆಡ್‌ಮಾಸ್ಟರರ ಕೈಗೆ ದೇಶದ ಶಾಲೆಗಳನ್ನು ಒಪ್ಪಿಸಿದ.

ಈ ಕೆಲಸಕ್ಕೆ ಸಿಕ್ಕ ಕಾಲ ತೀರ ಕಡಿಮೆ. 1940ರಿಂದ 42ರವರೆಗೆ ಪ್ರಧಾನಿಯಾಗಿದ್ದ ಊ ಸಾ ಎಂಬ ರಾಜಕಾರಣಿ, ಯುದ್ಧಕಾಲದಲ್ಲಿ ಜಪಾನಿಯರ ಜೊತೆ ಸಂಪರ್ಕ ಮಾಡಿದ್ದಕ್ಕೆ ಬ್ರಿಟಿಷರಿಂದ ಉಗಾಂಡಾದಲ್ಲಿ ಬಂಧನದಲ್ಲಿದ್ದು ಮರಳಿ ಬಂದಿದ್ದ. 1946ರಲ್ಲಿ ಅವನ ಕಾರಿನ ಮೇಲೆ ಗುಂಡು ಹಾರಿ ಕಣ್ಣಿಗೆ ಪೆಟ್ಟಾಗಿತ್ತು. ಮಾಡಿಸಿದವರು ಆಂಗ್ ಸಾನ್ ಕಡೆಯವರೇ ಎಂದು ಅವನು ನಂಬಿದ್ದ. ಲಂಡನ್ ಒಪ್ಪಂದಕ್ಕೆ ಸಹಿ ಹಾಕಲು ಒಪ್ಪದೆ ಹೊರಬಂದವನೂ ಅವನೇ. ಸೇನೆಯ ಆಯುಧ ಉಗ್ರಾಣದಿಂದ ನಕಲಿ ಆದೇಶ ತೋರಿಸಿ ಪಡೆದ 200 ಬ್ರೆನ್ ಗನ್‌ಗಳು ಅವನ ಕಡೆಯವರ ಕೈಸೇರಿದ್ದವು. ಆಯುಧ ಒದಗಿಸಿದ್ದಕ್ಕೆ ಮುಂದೆ ಒಬ್ಬ ಬ್ರಿಟಿಷ್ ಕ್ಯಾಪ್ಟನ್‌ಗೆ ಐದು ವರ್ಷ ಶಿಕ್ಷೆಯಾಯಿತು.

ಜುಲೈ 19, ಶನಿವಾರ. ಭಾರತವನ್ನು ಎರಡು ದೇಶವಾಗಿಸುವ ಕಾಯಿದೆಗೆ ಲಂಡನ್ನಿನಲ್ಲಿ ರಾಜಮುದ್ರೆ ಬಿದ್ದ ಮರುದಿನ. ರಂಗೂನಿನ ನಡುಮಧ್ಯದ ಸೆಕ್ರೆಟೇರಿಯಟ್ ಕಟ್ಟಡದ ಮಹಡಿಯಲ್ಲಿ ಹಂಗಾಮಿ ಸರ್ಕಾರದ ಸಭೆ ಸೇರಿತ್ತು. ಬೆಳಿಗ್ಗೆ 10.37ರ ಹೊತ್ತಿಗೆ ಸೇನೆಯ ಸಮವಸ್ತ್ರ ತೊಟ್ಟು ಜೀಪಿನಲ್ಲಿ ಬಂದ ಬಂದೂಕುಧಾರಿಗಳು ಮೆಟ್ಟಿಲು ಹತ್ತಿದರು. ಅವರನ್ನು ತಡೆಯುವಂಥ ಕಾವಲು ಇರಲಿಲ್ಲ. ಬಾಗಿಲು ತಳ್ಳಿ ಒಳನುಗ್ಗಿ, ಕೂತಲ್ಲೇ ಇರಿ ಎಂದು ಅಬ್ಬರಿಸಿದಾಗ ಆಂಗ್ ಸಾನ್ ಎದ್ದು ನಿಂತರು. ಮೊದಲ ಗುಂಡುಗಳು ಅವರಿಗೆ. ನಂತರ ಮೇಜಿನ ಉದ್ದಕ್ಕೂ. ಎಲ್ಲ ಮುಗಿಯಲು ಹಿಡಿದದ್ದು ಸುಮಾರು ಅರ್ಧ ನಿಮಿಷ.

ಆಂಗ್ ಸಾನ್, ಸಚಿವ ತಖಿನ್ ಮ್ಯಾ, ಬಾ ವಿನ್, ಮಾನ್ ಬಾ ಖೈಂಗ್, ರಜಾಕ್, ಹಿರಿಯ ಅಧಿಕಾರಿ ಓನ್ ಮೌಂಗ್ ಬಲಿಯಾದರು. ಬಾ ಚೋ ಗಾಯಗಳಿಂದ ತೀರಿಕೊಂಡರು. ಸಾವ್ ಸಾನ್ ತುನ್ ಮರುದಿನ ಕೊನೆಯುಸಿರೆಳೆದರು. ಒಂಬತ್ತನೆಯವನು ಕೋ ಟ್ವೆ. ರಜಾಕ್ ಅವರ ಅಂಗರಕ್ಷಕ, ವಯಸ್ಸು 18. ಕೋಣೆಯ ಹೊರಗಿದ್ದ ಆ ಹುಡುಗ ಗುಂಡಿನ ಸದ್ದು ಕೇಳಿ ಓಡಿಬಂದು ಹಂತಕರಿಗೆ ಎದುರಾದ. ಬರ್ಮಾ ಅವನನ್ನು ಸಚಿವರ ಸಾಲಿನಲ್ಲೇ ಹುತಾತ್ಮನೆಂದು ಎಣಿಸುತ್ತದೆ. ಹೀಗೆ ಎಣಿಸಿದ ಆ ದೇಶದ ಜನರ ಬಗ್ಗೆ ನನಗೆ ಬಹಳ ಗೌರವ.

ಊ ಸಾ ತನ್ನ ಕೆರೆದಂಡೆಯ ಮನೆಯಲ್ಲಿ ಅಂದೇ ಸೆರೆಯಾದ. ಅವನ ಮನೆ ಹಿಂದಿನ ನೀರಿನಿಂದ ಬಂದೂಕುಗಳನ್ನು ಎತ್ತಿದರು. ನಾಯಕರನ್ನೆಲ್ಲ ಒಂದೇ ಏಟಿಗೆ ಉರುಳಿಸಿದರೆ ಗವರ್ನರ್ ತನ್ನನ್ನೇ ಕರೆಯುತ್ತಾನೆಂದು ಅವನು ಲೆಕ್ಕ ಹಾಕಿದ್ದನೆಂದು ಹೇಳುತ್ತಾರೆ. ಗವರ್ನರ್ ಹ್ಯೂಬರ್ಟ್ ರಾನ್ಸ್ ಕರೆದದ್ದು ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ಊ ನು ಅವರನ್ನು. ವಿಚಾರಣೆ ನಡೆದು 1948ರ ಮೇ 8ರಂದು ಊ ಸಾನನ್ನು ಗಲ್ಲಿಗೇರಿಸಿದರು. ಅದಕ್ಕೆ ಮೊದಲೇ, ಜನವರಿ 4ರಂದು, ಜ್ಯೋತಿಷಿಗಳು ಇಟ್ಟುಕೊಟ್ಟ ಮುಹೂರ್ತದಂತೆ ಬೆಳಗಿನ ಜಾವ 4.20ಕ್ಕೆ ಬರ್ಮಾ ಸ್ವತಂತ್ರವಾಗಿತ್ತು.

ರಜಾಕ್ ಅವರ ದಾರಿ ಅವರೊಂದಿಗೇ ಮುಗಿಯಲಿಲ್ಲ. ಊ ನು ಅವರ ಸರ್ಕಾರಗಳಲ್ಲಿ ಮುಸ್ಲಿಮರಾದ ಊ ಖಿನ್ ಮೌಂಗ್ ಲಾಟ್, ಅಲಹಾಬಾದಿನಲ್ಲಿ ಹುಟ್ಟಿದ ಊ ರಶೀದ್ ಸಚಿವರಾದರು. ಆದರೆ ನೆಲ ಮೆಲ್ಲನೆ ಕುಸಿಯುತ್ತಿತ್ತು. 1950ರ ದಶಕದ ನಡುವೆ ಮುಸ್ಲಿಂ ಕಾಂಗ್ರೆಸ್ ಸ್ವಾತಂತ್ರ್ಯ ಲೀಗಿನಿಂದ ಹೊರಬೀಳಬೇಕಾಯಿತು. 1961ರಲ್ಲಿ ಬೌದ್ಧ ಧರ್ಮವನ್ನು ರಾಜ್ಯಧರ್ಮವೆಂದು ಘೋಷಿಸಿದರು. 1962ರಲ್ಲಿ ಜನರಲ್ ನೆ ವಿನ್ ಅಧಿಕಾರ ಹಿಡಿದ ಮೇಲೆ ಅಂಗಡಿ, ಮಳಿಗೆಗಳು ರಾಷ್ಟ್ರೀಕರಣವಾಗಿ ಲಕ್ಷಾಂತರ ಭಾರತೀಯ ಮೂಲದವರು ಬರಿಗೈಯಲ್ಲಿ ಹಡಗು ಹತ್ತಿದರು. 1982ರ ಪೌರತ್ವ ಕಾಯಿದೆ, 1823ಕ್ಕೆ ಮೊದಲು ಆ ನೆಲದಲ್ಲಿ ನೆಲೆಸಿದ್ದ ಜನಾಂಗಗಳಿಗೆ ಮೇಲಿನ ದರ್ಜೆ ಕೊಟ್ಟಿತು. ಸಯಾಜಿ ಬದುಕಿದ್ದಿದ್ದರೆ, ತಂದೆಯ ಕಡೆಯಿಂದ ಆ ಗೆರೆಯ ಆಚೆ ಬೀಳುತ್ತಿದ್ದರು. ಸ್ವಾತಂತ್ರ್ಯಕ್ಕಾಗಿ ಜೀವ ಕೊಟ್ಟವರ ಹುಟ್ಟನ್ನೇ ಪ್ರಶ್ನಿಸುವ ಕಾಯಿದೆ ಎಂಥದ್ದು ಎಂದು ಅದನ್ನು ಬರೆದವರು ಒಮ್ಮೆಯಾದರೂ ಕೇಳಿಕೊಳ್ಳಬೇಕಿತ್ತು.

2013ರ ಮಾರ್ಚಿನಲ್ಲಿ ಮೈಕ್ತಿಲಾದ ಒಂದು ಚಿನ್ನದಂಗಡಿಯಲ್ಲಿ ಶುರುವಾದ ಜಗಳ ಮೂರು ದಿನಗಳ ಕೊಲೆ, ಬೆಂಕಿಯಾಗಿ 40ಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಒಂದು ಮದರಸಾದ ವಿದ್ಯಾರ್ಥಿಗಳೂ, ಶಿಕ್ಷಕರೂ ಇದ್ದರು. ರಜಾಕ್ ಹುಟ್ಟಿದ ಊರು ಅದು. 2015ರಲ್ಲಿ ಆಂಗ್ ಸಾನ್ ಅವರ ಮಗಳ ಪಕ್ಷ ಸಾವಿರಕ್ಕೂ ಹೆಚ್ಚು ಅಭ್ಯರ್ಥಿಗಳನ್ನು ನಿಲ್ಲಿಸಿತು. ಅವರಲ್ಲಿ ಒಬ್ಬ ಮುಸ್ಲಿಮನೂ ಇರಲಿಲ್ಲ, ಗೆದ್ದು ಕೂತ ಸಂಸತ್ತಿನಲ್ಲೂ ಇರಲಿಲ್ಲ. 2017ರ ಜನವರಿಯಲ್ಲಿ ಅದೇ ಪಕ್ಷದ ಕಾನೂನು ಸಲಹೆಗಾರ, ಮುಸ್ಲಿಂ ವಕೀಲ ಕೋ ನಿ, ಈಗ ಯಾಂಗೂನ್ ಎನ್ನುವ ರಂಗೂನಿನ ವಿಮಾನ ನಿಲ್ದಾಣದ ಹೊರಗೆ ಕೊಲೆಯಾದರು. ಕೊಲೆಗಾರನನ್ನು ಬೆನ್ನಟ್ಟಿ ಹೋದ ಟ್ಯಾಕ್ಸಿ ಚಾಲಕ ನೇ ವಿನ್ ಕೂಡ ಗುಂಡೇಟಿಗೆ ಸತ್ತರು.

2020ರ ನವೆಂಬರ್ ಚುನಾವಣೆಯಲ್ಲಿ ಪಕ್ಷ ತನ್ನ ನಿಲುವು ಬದಲಿಸಿ ಇಬ್ಬರು ಮುಸ್ಲಿಂ ಅಭ್ಯರ್ಥಿಗಳಿಗೆ ಟಿಕೆಟ್ ಕೊಟ್ಟಿತು. ಒಬ್ಬರು ಯಾಂಗೂನಿನಲ್ಲಿ, ಇನ್ನೊಬ್ಬರು ಮಂಡಾಲೆಯಲ್ಲಿ. ಇಬ್ಬರನ್ನೂ ಜನ ಗೆಲ್ಲಿಸಿದರು. ಅವರು ಸದನ ಪ್ರವೇಶಿಸಬೇಕಾಗಿದ್ದ ದಿನ 2021ರ ಫೆಬ್ರವರಿ 1. ಅಂದು ಬೆಳಗಾಗುವುದರೊಳಗೆ ಸೇನೆ ಅಧಿಕಾರ ಕಸಿದುಕೊಂಡಿತು. ಆ ಸಂಸತ್ತು ಸೇರಲೇ ಇಲ್ಲ.